‘ಬಾರೋ’ ಎಂಬ ಇಂಗ್ಲಿಷ್ ಕ್ರಿಯಾಪದ: ಚೀನೀ ಕಲಿಕಾರ್ಥಿಗಳ ದೃಷ್ಟಿಯಿಂದ ಅರ್ಥ, ಬಳಕೆ ಮತ್ತು ಮೂಲ

ಚೀನಾದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಗಳು ಮಾಡುವ ತಪ್ಪುಗಳಲ್ಲಿ ‘ಬಾರೋ’ ಮತ್ತು ‘ಲೆಂಡ್’ ಎಂಬ ಎರಡು ಕ್ರಿಯಾಪದಗಳ ಅದಲುಬದಲು ಬಹಳ ಪರಿಚಿತವಾದುದು. ಪಕ್ಕದವನ ಲೇಖನಿ ಬೇಕಾದಾಗ ವಿದ್ಯಾರ್ಥಿಯು ‘ಕ್ಯಾನ್ ಯು ಬಾರೋ ಮಿ ಯುವರ್ ಪೆನ್?’ ಎಂದು ಕೇಳುತ್ತಾನೆ. ಕೇಳಬೇಕಾದುದು ‘ಕ್ಯಾನ್ ಯು ಲೆಂಡ್ ಮಿ ಯುವರ್ ಪೆನ್?’ ಎಂದು, ಅಥವಾ ಕರ್ತೃವನ್ನು ಬದಲಿಸಿ ‘ಕ್ಯಾನ್ ಐ ಬಾರೋ ಯುವರ್ ಪೆನ್?’ ಎಂದು. ಅಧ್ಯಾಪಕರು ತಿದ್ದುತ್ತಾರೆ. ತಿದ್ದಿಸಿಕೊಂಡ ವಿದ್ಯಾರ್ಥಿಯು ‘ಲೆಂಡ್’ ಪದವನ್ನು ನೆನಪಿಟ್ಟುಕೊಂಡು, ಮುಂದೊಮ್ಮೆ ‘ಐ ಲೆಂಟ್ ದಿಸ್ ಬುಕ್ ಫ್ರಮ್ ದ ಲೈಬ್ರರಿ’ ಎಂದು ಬರೆಯುತ್ತಾನೆ. ಒಂದು ತಪ್ಪು ಹೋಗಿ ಅದರ ಕನ್ನಡಿಯ ಬಿಂಬದಂತಿರುವ ಇನ್ನೊಂದು ತಪ್ಪು ಬಂದಿರುತ್ತದೆ.

ಇದನ್ನು ಪದಸಂಪತ್ತಿನ ಕೊರತೆಯೆಂದು ಹೇಳಿಬಿಡುವುದು ಸುಲಭ. ಆದರೆ ಈ ವಿದ್ಯಾರ್ಥಿಗೆ ಎರಡೂ ಪದಗಳು ಗೊತ್ತು. ಅವೆರಡಕ್ಕೂ ನಿಘಂಟು ಕೊಡುವ ಚೀನೀ ಅರ್ಥವೂ ಗೊತ್ತು. ತೊಡಕು ಇರುವುದು ಆ ಅರ್ಥದಲ್ಲಿಯೇ. ಎರಡಕ್ಕೂ ಚೀನೀ ಭಾಷೆಯಲ್ಲಿ ಸಿಗುವ ಸಮಾನಪದ ಒಂದೇ: ‘ಜಿಯೆ’. (ಇಂಗ್ಲಿಷಿನ ‘ಬಾರೋ’ ಕನ್ನಡಿಗರ ಕಿವಿಗೆ ಸಲಿಗೆಯ ಕರೆಯಾಗಿ ಕೇಳಿಸುತ್ತದೆಯಾದರೂ ಈ ಧ್ವನಿಸಾಮ್ಯ ಕೇವಲ ಆಕಸ್ಮಿಕ.) ಆದುದರಿಂದ ಕೇಳಬೇಕಾದ ಪ್ರಶ್ನೆ, ವಿದ್ಯಾರ್ಥಿಯು ಪದವನ್ನು ಏಕೆ ಮರೆತ ಎಂಬುದಲ್ಲ, ಒಂದು ಭಾಷೆ ಎರಡು ಕ್ರಿಯೆಗಳೆಂದು ಕಾಣುವುದನ್ನು ಇನ್ನೊಂದು ಭಾಷೆ ಒಂದೇ ಕ್ರಿಯೆಯೆಂದು ಏಕೆ ಕಾಣುತ್ತದೆ, ಮತ್ತು ಅವನು ಆ ಒಂದರಿಂದ ಎರಡಕ್ಕೆ ದಾಟುವುದು ಹೇಗೆ ಎಂಬುದು.

ವಸ್ತುವೊಂದು ಅದರ ಒಡೆಯನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುತ್ತದೆ. ಮರಳಿ ಬರಬೇಕೆಂಬ ಒಪ್ಪಂದ ಇಬ್ಬರಿಗೂ ಇರುತ್ತದೆ. ನಡೆದ ಘಟನೆ ಇಷ್ಟೇ. ಕೊಟ್ಟವನ ಕಡೆಯಿಂದ ನೋಡಿದರೆ ಇಂಗ್ಲಿಷ್ ಇದನ್ನು ‘ಲೆಂಡ್’ ಎನ್ನುತ್ತದೆ, ಪಡೆದವನ ಕಡೆಯಿಂದ ನೋಡಿದರೆ ‘ಬಾರೋ’ ಎನ್ನುತ್ತದೆ. ನಮ್ಮ ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ‘ಲೆಂಡ್’ ಕ್ರಿಯೆಗೆ ಬೇಕಾದುದು ಸಂಪ್ರದಾನ, ‘ಬಾರೋ’ ಕ್ರಿಯೆಗೆ ಬೇಕಾದುದು ಅಪಾದಾನ. ‘ಲೆಂಡ್’ ಎರಡು ಕರ್ಮಗಳನ್ನು ಸಾಲಾಗಿ ತೆಗೆದುಕೊಳ್ಳಬಲ್ಲದು: ಯಾರಿಗೆ ಎಂಬುದು ಮೊದಲು, ಏನನ್ನು ಎಂಬುದು ಆಮೇಲೆ. ‘ಬಾರೋ’ ಪದಕ್ಕೆ ಈ ಸೌಲಭ್ಯವಿಲ್ಲ. ಅದರ ಮುಂದೆ ವಸ್ತುವೊಂದೇ ನಿಲ್ಲಬೇಕು; ವ್ಯಕ್ತಿಯನ್ನು ಹೇಳಬೇಕಾದರೆ ‘ಫ್ರಮ್’ ಎಂಬ ಉಪಸರ್ಗದ ಮೂಲಕವೇ ಹೇಳಬೇಕು. ‘ಬಾರೋ ಮಿ’ ಎಂಬುದು ಶಿಷ್ಟ ಇಂಗ್ಲಿಷಿನಲ್ಲಿ ತಪ್ಪಾಗುವುದು ಈ ಕಾರಣದಿಂದ.

ಚೀನೀ ಭಾಷೆಯ ‘ಜಿಯೆ’ ಈ ದಿಕ್ಕನ್ನು ತನ್ನೊಳಗೆ ಇಟ್ಟುಕೊಂಡಿಲ್ಲ. ‘ವೊ ಜಿಯೆ ತಾ ಯಿ ಬೆನ್ ಷು’ ಎಂಬ ವಾಕ್ಯವನ್ನು ಪದಶಃ ಬಿಡಿಸಿದರೆ ‘ನಾನು—ಜಿಯೆ—ಅವನು—ಒಂದು ಪುಸ್ತಕ’ ಎಂದಾಗುತ್ತದೆ. ನಾನು ಅವನಿಗೆ ಪುಸ್ತಕ ಕೊಟ್ಟೆನೋ ಅವನಿಂದ ತೆಗೆದುಕೊಂಡೆನೋ ಎಂಬುದನ್ನು ವಾಕ್ಯವೊಂದರಿಂದಲೇ ನಿರ್ಣಯಿಸಲು ಬಾರದು. ಚೀನೀ ವ್ಯಾಕರಣ ಚರ್ಚೆಗಳಲ್ಲಿ ಸಂದಿಗ್ಧಾರ್ಥಕ್ಕೆ ಕೊಡುವ ಪ್ರಸಿದ್ಧ ಉದಾಹರಣೆಗಳಲ್ಲಿ ಈ ಬಗೆಯ ವಾಕ್ಯವೂ ಒಂದು. ಹಾಗೆಂದು ಚೀನೀಯರು ದಿನವೂ ಗೊಂದಲದಲ್ಲಿ ಬದುಕುತ್ತಾರೆಂದು ಭಾವಿಸಬೇಕಾಗಿಲ್ಲ. ದಿಕ್ಕನ್ನು ಹೇಳಲೇಬೇಕಾದಾಗ ಅವರು ಕ್ರಿಯಾಪದದ ಹಿಂದೆ ಮುಂದೆ ಬೇರೆ ಪದಗಳನ್ನು ಇಡುತ್ತಾರೆ. ‘ಕೊಡು’ ಎಂಬ ಅರ್ಥದ ‘ಗೆಯ್’ ಸೇರಿ ‘ಜಿಯೆ ಗೆಯ್ ತಾ’ ಎಂದಾದರೆ ಅದು ನಿಶ್ಚಯವಾಗಿ ಅವನಿಗೆ ಕೊಟ್ಟದ್ದು. ವ್ಯಕ್ತಿಯನ್ನು ಕ್ರಿಯಾಪದದ ಮೊದಲಿಗೆ ತಂದು ‘ಗೆನ್ ತಾ ಜಿಯೆ’ ಅಥವಾ ‘ಶಿಯಾಂಗ್ ತಾ ಜಿಯೆ’ ಎಂದರೆ ಅವನಿಂದ ಪಡೆದದ್ದು. ಗ್ರಂಥಾಲಯದಂತಹ ಸ್ಥಳದಿಂದ ಪಡೆದಾಗ ‘ತ್ಸುಂಗ್’ ಎಂಬ ಪದ ಬರುತ್ತದೆ. ಬರುವಿಕೆಯನ್ನು ಸೂಚಿಸುವ ‘ಲಾಯ್’, ಹೊರಹೋಗುವುದನ್ನು ಸೂಚಿಸುವ ‘ಚು’ ಇವುಗಳನ್ನು ಜಿಯೆಗೆ ಜೋಡಿಸಿಯೂ ದಿಕ್ಕನ್ನು ಖಚಿತಪಡಿಸಬಹುದು.

ಇಲ್ಲಿಯೇ ಎರಡನೆಯ ತೊಡಕು ಹುಟ್ಟುತ್ತದೆ. ‘ಗೆನ್’ ಪದದ ಸಾಮಾನ್ಯ ಅರ್ಥ ‘ಜೊತೆಗೆ’. ‘ಶಿಯಾಂಗ್’ ಪದದ್ದು ‘ಕಡೆಗೆ’. ಇವನ್ನು ಇದ್ದ ಹಾಗೆಯೇ ಇಂಗ್ಲಿಷಿಗೆ ತಂದರೆ ‘ಬಾರೋ ವಿತ್ ಹಿಮ್’, ‘ಬಾರೋ ಟು ಹಿಮ್’ ಎಂಬ ರೂಪಗಳಾಗುತ್ತವೆ. ಎರಡನೆಯದಂತೂ ಕೇಳುವವನಿಗೆ ವಸ್ತು ಯಾವ ಕಡೆಗೆ ಚಲಿಸಿತೆಂಬುದೇ ತಿಳಿಯದಂತೆ ಮಾಡುತ್ತದೆ. ಆದರೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಕನ್ನಡದ ಆಡುಮಾತಿನಲ್ಲಿಯೂ ‘ಅವನಿಂದ ಸಾಲ ತೆಗೆದುಕೊಂಡೆ’ ಎನ್ನುವುದಕ್ಕಿಂತ ‘ಅವನ ಹತ್ತಿರ ಸಾಲ ತೆಗೆದುಕೊಂಡೆ’ ಎನ್ನುವುದೇ ಹೆಚ್ಚು. ಹತ್ತಿರವಿರುವುದು, ಜೊತೆಗಿರುವುದು, ಅಭಿಮುಖವಾಗುವುದು ಇವೆಲ್ಲ ಕೇಳಲು ಹೋದವನ ನಿಲುವನ್ನು ಹೇಳುತ್ತವೆಯೇ ಹೊರತು ವಸ್ತುವಿನ ಚಲನೆಯನ್ನಲ್ಲ. ಇಂಗ್ಲಿಷ್ ವಸ್ತುವಿನ ಚಲನೆಯನ್ನು ಹಿಡಿಯುತ್ತದೆ. ಚೀನೀ ಮತ್ತು ಕನ್ನಡ ಕೇಳುವವನ ನಿಲುವನ್ನು ಹಿಡಿಯುತ್ತವೆ.

ಈ ವಿಷಯದಲ್ಲಿ ಕನ್ನಡದ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಉಪಯುಕ್ತ. ಅದು ಇಂಗ್ಲಿಷ್ ಮತ್ತು ಚೀನೀ ಎರಡಕ್ಕಿಂತಲೂ ಭಿನ್ನವಾದ ಮೂರನೆಯ ಮಾರ್ಗವನ್ನು ತೋರಿಸುತ್ತದೆ. ಕನ್ನಡ ಈ ವ್ಯವಹಾರವನ್ನು ನಾಮಪದದಲ್ಲಿ ಹೆಸರಿಸಿ, ದಿಕ್ಕನ್ನು ಬೇರೊಂದು ಕ್ರಿಯಾಪದಕ್ಕೆ ಒಪ್ಪಿಸಿಬಿಡುತ್ತದೆ: ಎರವಲು ಕೊಡು, ಎರವಲು ಪಡೆ, ಸಾಲ ಕೊಡು, ಸಾಲ ತೆಗೆದುಕೊ. ಹೀಗಾಗಿ ನಾಮಪದಕ್ಕೆ ವಸ್ತುವಿನ ಸ್ವಭಾವವನ್ನು ಹೇಳುವ ಬಿಡುವು ದೊರೆಯುತ್ತದೆ. ನೆರೆಮನೆಯಿಂದ ತಂದ ಒಂದು ಲೋಟ ಸಕ್ಕರೆ ‘ಕಡ’. ತಂದ ಸಕ್ಕರೆಯೇ ಮರಳುವುದಿಲ್ಲ, ಅಷ್ಟೇ ಅಳತೆಯ ಬೇರೆ ಸಕ್ಕರೆ ಮರಳುತ್ತದೆ. ಮದುವೆಗೆ ತಂದ ಒಡವೆ ‘ಎರವಲು’. ತಂದ ಒಡವೆಯೇ ಮರಳಬೇಕು. ಬಡ್ಡಿಯ ಮಾತು ಬಂದಾಗ ಅದು ‘ಸಾಲ’, ಬಡ್ಡಿಯಿಲ್ಲದೆ ನಂಬಿಕೆಯ ಮೇಲೆ ನಡೆದಾಗ ‘ಕೈಗಡ’. ಆಡುನುಡಿಯಲ್ಲಿ ಈ ಗೆರೆಗಳು ಅಲ್ಲಲ್ಲಿ ಅಳಿಸಿಹೋಗಿವೆ, ನಿಜ. ಆದರೂ ‘ಬಾರೋ’ ಮತ್ತು ‘ಜಿಯೆ’ ಎರಡೂ ಸಕ್ಕರೆಗೂ ಒಡವೆಗೂ ಹಣಕ್ಕೂ ಭೇದವಿಲ್ಲದೆ ಸಲ್ಲುತ್ತವೆ ಎಂಬುದರೊಡನೆ ಹೋಲಿಸಿದರೆ ಕನ್ನಡದ ಸೂಕ್ಷ್ಮತೆ ಗಮನಕ್ಕೆ ಬರುತ್ತದೆ.

ಇನ್ನೂ ಕುತೂಹಲಕರವಾದುದು ‘ಈಸಿಕೊಳ್ಳು’ ಎಂಬ ಕ್ರಿಯಾಪದ. ಆಡುಮಾತಿನಲ್ಲಿ ‘ಇಸ್ಕೊ’ ಎಂದು ಸವೆದಿರುವ ಇದರ ಮೂಲದಲ್ಲಿರುವುದು ‘ಕೊಡು’ ಎಂಬ ಅರ್ಥದ ‘ಈ’ ಧಾತು. ಅದಕ್ಕೆ ಪ್ರೇರಣಾರ್ಥಕ ಪ್ರತ್ಯಯ ಸೇರಿ ‘ಈಸು’, ಎಂದರೆ ಕೊಡುವಂತೆ ಮಾಡು. ಅದಕ್ಕೆ ‘ಕೊಳ್’ ಸೇರಿ ತನಗೆ ಕೊಡುವಂತೆ ಮಾಡಿಕೊಳ್ಳು. ಪಡೆಯುವ ಕ್ರಿಯೆಯನ್ನು ಕೊಡುವ ಧಾತುವಿನಿಂದಲೇ ಕಟ್ಟಲಾಗಿದೆ. ದಿಕ್ಕನ್ನು ತಿರುಗಿಸುವ ಕೆಲಸವನ್ನು ಪ್ರತ್ಯಯಗಳು ಮಾಡುತ್ತವೆ. ಇಂತಹ ಭಾಷೆಯಲ್ಲಿ ಬೆಳೆದವನಿಗೆ ‘ಬಾರೋ’, ‘ಲೆಂಡ್’ ಭೇದ ಹೊಸದೆನಿಸದು. ಆದರೂ ಕನ್ನಡ ಈ ಸಂದಿಗ್ಧತೆಯಿಂದ ಪೂರ್ಣವಾಗಿ ಪಾರಾಗಿಲ್ಲ. ‘ಅವನು ದೊಡ್ಡ ಸಾಲಗಾರ’ ಎಂದಾಗ ಸಾಲಗಾರನೆಂದರೆ ತೀರಿಸಬೇಕಾದವನು. ‘ಸಾಲಗಾರರ ಕಾಟ ತಾಳಲಾರದೆ ಊರು ಬಿಟ್ಟ’ ಎಂದಾಗ ಸಾಲಗಾರರೆಂದರೆ ವಸೂಲಿಗೆ ಬಂದವರು. ಒಂದೇ ಪದ, ಎದುರುಬದುರಾಗಿ ನಿಂತ ಇಬ್ಬರು. ‘ಜಿಯೆ’ ಪದದ ಇಬ್ಬಂದಿಯನ್ನು ಕನ್ನಡ ಓದುಗರು ಅರಿಯಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ.

ಈ ಇಬ್ಬಂದಿ ತರಗತಿಯ ಅಂಕಗಳಿಗಷ್ಟೇ ಸಂಬಂಧಿಸಿದ್ದಾದರೆ ಇಷ್ಟು ವಿವರ ಬೇಕಾಗಿರಲಿಲ್ಲ. ಚೀನಾದಲ್ಲಿ ಸ್ನೇಹಿತರ, ಬಂಧುಗಳ ನಡುವೆ ಹಣ ಕೈ ಬದಲಾಯಿಸುವಾಗ ಬರೆದುಕೊಡುವ ಚೀಟಿಗೆ ‘ಜಿಯೆತಿಯಾವ್’ ಎಂದು ಹೆಸರು. ಅದರಲ್ಲಿ ಬರಿಯ ‘ಜಿಯೆ’ ಪದವನ್ನು ಬಳಸಿ ‘ಇಂಥವನು—ಜಿಯೆ—ಇಂಥವನು—ಹತ್ತು ಸಾವಿರ ಯುವಾನ್’ ಎಂದು ಬರೆದರೆ, ಮುಂದೆ ವ್ಯಾಜ್ಯವೆದ್ದಾಗ ಸಾಲ ಕೊಟ್ಟವನು ಯಾರು, ಪಡೆದವನು ಯಾರು ಎಂಬುದೇ ವಾದಕ್ಕೆ ಗುರಿಯಾಗುತ್ತದೆ. ಆದುದರಿಂದಲೇ ಅಲ್ಲಿನ ಕಾನೂನು ತಿಳಿವಳಿಕೆಯ ಬರಹಗಳು ‘ಜಿಯೆ ದಾವ್’, ಅಂದರೆ ಪಡೆದು ಕೈಸೇರಿತು, ಎಂಬ ರೂಪವನ್ನೇ ಬರೆಯಬೇಕೆಂದು ಎಚ್ಚರಿಸುತ್ತವೆ. ಇದರ ಜೊತೆಗೇ ಅವು ಹೇಳುವ ಇನ್ನೊಂದು ಎಚ್ಚರಿಕೆ ಮರುಪಾವತಿಗೆ ಸಂಬಂಧಿಸಿದ್ದು. ಒಂದೇ ಲಿಪಿಚಿಹ್ನೆಯನ್ನು ‘ಹುವಾನ್’ ಎಂದು ಓದಿದರೆ ‘ಮರಳಿಸು’, ‘ಹಾಯ್’ ಎಂದು ಓದಿದರೆ ‘ಇನ್ನೂ’. ಅದನ್ನು ಬಾಕಿಹಣ ಎಂಬ ಪದದ ಮುಂದೆ ಬರೆದಾಗ ‘ಬಾಕಿ ಹಣ ಮರಳಿಸಲಾಯಿತು’ ಎಂದೂ ಓದಬಹುದು, ‘ಇನ್ನೂ ಬಾಕಿ ಇದೆ’ ಎಂದೂ ಓದಬಹುದು. ಬಾಯಲ್ಲಿ ಹೇಳಿದಾಗ ಇರದ ಗೊಂದಲ ಬರಹದಲ್ಲಿ ಹುಟ್ಟುತ್ತದೆ. ಚೀಟಿ ಬರೆಸಿಕೊಳ್ಳುವುದರ ಉದ್ದೇಶವೇ ಗೊಂದಲವನ್ನು ತಪ್ಪಿಸುವುದಾಗಿದ್ದರೂ.

ಕಾನೂನು ಈ ಇಕ್ಕಟ್ಟಿನಿಂದ ಹೊರಬರಲು ಎರಡು ಪದಗಳನ್ನು ಬೇರ್ಪಡಿಸಿಕೊಂಡಿದೆ. 2021ರ ಜನವರಿ 1ರಂದು ಜಾರಿಗೆ ಬಂದ ಚೀನಾದ ನಾಗರಿಕ ಸಂಹಿತೆಯಲ್ಲಿ ಸಾಲ ಪಡೆಯುವವನು ‘ಜಿಯೆಕುವಾನ್‌ರೆನ್’, ಕೊಡುವವನು ‘ದಾಯ್‌ಕುವಾನ್‌ರೆನ್’. ಇಲ್ಲಿ ಜಿಯೆ ಪಡೆಯುವ ಅರ್ಥಕ್ಕೂ ‘ದಾಯ್’ ಕೊಡುವ ಅರ್ಥಕ್ಕೂ ಮೀಸಲಾಗಿವೆ. ಆದರೆ ಜನರ ಮಾತು ಸಂಹಿತೆಗೆ ಸಂಪೂರ್ಣ ಅಧೀನವಲ್ಲ. ಬ್ಯಾಂಕಿನಿಂದ ಸಾಲ ಪಡೆದು ಮನೆ ಕೊಂಡವನು ತಾನು ‘ದಾಯ್‌ಕುವಾನ್’ ಮಾಡಿ ಮನೆ ಕೊಂಡೆನೆಂದೇ ಹೇಳುತ್ತಾನೆ; ಕಾನೂನಿನ ಪರಿಭಾಷೆಯನ್ನು ಹಿಡಿದರೆ ಅವನು ಸಾಲ ಕೊಟ್ಟವನಾಗಬೇಕು. ‘ದಾಯ್’ ಪದದ ಈ ಉಭಯತ್ವ ಇಂದಿನದಲ್ಲ. ‘ಜುವಾಂಗ್‌ಜಿ’ ಗ್ರಂಥದಲ್ಲಿ ಬಡವನಾದ ದಾರ್ಶನಿಕನು ನದಿಯ ಮೇಲ್ವಿಚಾರಕನಾದ ಪ್ರಭುವಿನ ಬಳಿಗೆ ಧಾನ್ಯ ಬೇಡಲು ಹೋದ ಕತೆಯಿದೆ. ತೆರಿಗೆ ವಸೂಲಾದ ಮೇಲೆ ದೊಡ್ಡ ಮೊತ್ತವನ್ನು ಕೊಡುವುದಾಗಿ ಪ್ರಭು ಹೇಳಿದಾಗ, ಗಾಡಿಯ ಜಾಡಿನಲ್ಲಿ ಸಿಕ್ಕಿಬಿದ್ದು ಒಂದಿಷ್ಟು ನೀರಿಗಾಗಿ ಮೊರೆಯಿಡುವ ಮೀನಿನ ದೃಷ್ಟಾಂತವನ್ನು ದಾರ್ಶನಿಕನು ಹೇಳುತ್ತಾನೆ. ಅಲ್ಲಿ ಧಾನ್ಯವನ್ನು ಪಡೆಯಲು ಹೋದುದನ್ನು ಹೇಳುವ ಕ್ರಿಯಾಪದ ‘ದಾಯ್’ ಎಂಬುದೇ. ಲೆಕ್ಕಪತ್ರ ಶಾಸ್ತ್ರದಲ್ಲಿ ಇದೇ ಜೋಡಿ ಡೆಬಿಟ್ ಮತ್ತು ಕ್ರೆಡಿಟ್ ಎಂಬ ಎರಡು ಕಡೆಗಳಿಗೆ ಹೆಸರಾಗಿದೆ. ಅಲ್ಲಿ ಇವುಗಳ ಅರ್ಥವನ್ನು ಹುಡುಕಬಾರದು, ಬರಿಯ ಸಂಕೇತಗಳೆಂದು ತಿಳಿಯಬೇಕು ಎಂದು ಪಠ್ಯಗಳು ವಿದ್ಯಾರ್ಥಿಗಳಿಗೆ ಹೇಳುತ್ತವೆ. ಪದಗಳು ತಮ್ಮ ಅರ್ಥದಿಂದ ಎಷ್ಟು ದೂರ ಬಂದಿವೆ ಎಂಬುದಕ್ಕೆ ಅದೇ ಸಾಕ್ಷಿ.

ಹಾಗಾದರೆ ಚೀನೀ ಭಾಷೆ ಮೊದಲಿನಿಂದಲೂ ಈ ಭೇದವನ್ನು ಅರಿಯದೆ ಇತ್ತೆ? ಹಾಗೆನ್ನಲಾಗದು. 1008ರಲ್ಲಿ ಸಿದ್ಧವಾದ ‘ಗುವಾಂಗ್‌ಯುನ್’ ಎಂಬ ಪ್ರಾಸಕೋಶದಲ್ಲಿ ಜಿಯೆ ಚಿಹ್ನೆಗೆ ಎರಡು ಉಚ್ಚಾರಣೆಗಳು ದಾಖಲಾಗಿವೆ. ಪಡೆಯುವ ಮತ್ತು ಕೊಡುವ ಅರ್ಥಗಳನ್ನು ಸ್ವರಭೇದದಿಂದ ಗುರುತಿಸುವ ಪದ್ಧತಿಯೊಂದನ್ನು ಪ್ರಾಚೀನ ವ್ಯಾಖ್ಯಾನಕಾರರೂ ಬಲ್ಲರು. ಇಂದಿನ ಶಿಷ್ಟ ಚೀನೀಯಲ್ಲಿ ಆ ಎರಡು ಉಚ್ಚಾರಣೆಗಳು ಒಂದಾಗಿವೆ. ಆದರೆ ಅದೇ ತೆರನಾದ ಇನ್ನೊಂದು ಜೋಡಿ ಉಳಿದುಕೊಂಡಿದೆ: ‘ಮಾಯ್’ ಎಂಬುದನ್ನು ಇಳಿದೇರುವ ಸ್ವರದಲ್ಲಿ ನುಡಿದರೆ ‘ಕೊಳ್ಳು’, ಇಳಿಯುವ ಸ್ವರದಲ್ಲಿ ನುಡಿದರೆ ‘ಮಾರು’. ಸ್ವರಭೇದವನ್ನು ಹಿಡಿಯಲಾರದ ವಿದೇಶಿಯನು ಚೀನೀ ಕಲಿಯುವಾಗ ಅಂಗಡಿಯಲ್ಲಿ ಅನುಭವಿಸುವ ಪೇಚು, ಚೀನೀ ವಿದ್ಯಾರ್ಥಿಯು ‘ಬಾರೋ’, ‘ಲೆಂಡ್’ಗಳ ನಡುವೆ ಅನುಭವಿಸುವ ಪೇಚಿಗಿಂತ ಕಡಿಮೆಯದಲ್ಲ.

ಇಂಗ್ಲಿಷಿನ ಚರಿತ್ರೆಯೂ ಇದೇ ಬಗೆಯದು. ‘ಬಾರೋ’ ಪದದ ಹಳೆಯ ಇಂಗ್ಲಿಷ್ ರೂಪ ‘ಬೋರ್ಗಿಯನ್’. ಅದು ಹುಟ್ಟಿದ್ದು ‘ಬೋರ್ಗ್’ ಅಥವಾ ‘ಬೋರ್ಹ್’ ಎಂಬ ನಾಮಪದದಿಂದ. ಅದರ ಅರ್ಥ ಒತ್ತೆ, ಜಾಮೀನು. ಆಂಗ್ಲೋ-ಸ್ಯಾಕ್ಸನ್ ಅರಸರ ಕಾನೂನುಗಳಲ್ಲಿ ಈ ನಾಮಪದಕ್ಕೆ ಮುಖ್ಯ ಸ್ಥಾನವಿದೆ. ಒಬ್ಬನ ನಡತೆಗೆ, ಅವನು ತೆರಬೇಕಾದ ದಂಡಕ್ಕೆ ಇನ್ನೊಬ್ಬನು ಹೊಣೆಯಾಗಿ ನಿಲ್ಲುವುದು ಆ ಸಮಾಜದ ಭದ್ರತೆಯ ತಳಹದಿಯಾಗಿತ್ತು. ಹಾಗೆ ನಿಂತ ಮನುಷ್ಯನೇ ಬೋರ್ಹ್. ಇನ್ನೂ ಹಿಂದಕ್ಕೆ ಹೋದರೆ ‘ಕಾಪಾಡು, ಮರೆಮಾಡು’ ಎಂಬ ಅರ್ಥದ ‘ಬೆಯೋರ್ಗನ್’ ಎಂಬ ಧಾತು ಸಿಗುತ್ತದೆ; ಹೂಳುವುದನ್ನು ಹೇಳುವ ಇಂದಿನ ‘ಬರಿ’ ಎಂಬ ಇಂಗ್ಲಿಷ್ ಕ್ರಿಯಾಪದವೂ ಆ ಕುಟುಂಬದ್ದೇ. ಆದುದರಿಂದ ‘ಬಾರೋ’ ಪದದ ಕೇಂದ್ರದಲ್ಲಿ ಮೊದಲಿಗೆ ಇದ್ದುದು ಪಡೆಯುವುದೂ ಅಲ್ಲ, ಕೊಡುವುದೂ ಅಲ್ಲ. ಎರಡರ ನಡುವೆ ನಿಂತ ಭದ್ರತೆ. ಹಳೆಯ ಇಂಗ್ಲಿಷಿನ ಬೋರ್ಗಿಯನ್‌ಗೆ ‘ಎರವಲು ಪಡೆ’ ಎಂಬುದರ ಜೊತೆಗೆ ‘ಕಡ ಕೊಡು’, ‘ಜಾಮೀನಾಗು’ ಎಂಬ ಅರ್ಥಗಳನ್ನೂ ವ್ಯುತ್ಪತ್ತಿ ನಿಘಂಟುಗಳು ಕೊಡುತ್ತವೆ. ಅದರ ಜರ್ಮನ್ ಸೋದರ ‘ಬೋರ್ಗೆನ್’ ಇಂದಿಗೂ ಎರಡೂ ಕಡೆಗೆ ಸಲ್ಲುತ್ತದೆ. ಜರ್ಮನಿನ ‘ಲೈಯೆನ್’, ಡಚ್ಚಿನ ‘ಲೇನೆನ್’ ಸಹ ಹಾಗೆಯೇ. ದಿಕ್ಕನ್ನು ಧಾತುವಿನೊಳಗೆ ಕಟ್ಟಿಹಾಕಿದ್ದು ಇಂಗ್ಲಿಷ್ ತನ್ನ ಬೆಳವಣಿಗೆಯಲ್ಲಿ ಮಾಡಿಕೊಂಡ ಏರ್ಪಾಡು. ಅದನ್ನು ತಾರ್ಕಿಕ ಅನಿವಾರ್ಯತೆಯೆಂಬಂತೆ ಬೋಧಿಸುವ ಅಧ್ಯಾಪಕರು ಇದನ್ನು ನೆನೆಯುವುದು ಒಳ್ಳೆಯದು.

ಪದದ ರೂಪ ಬದಲಾದ ಬಗೆಯೂ ಕಲಿಕಾರ್ಥಿಗೆ ನೆರವಾಗಬಲ್ಲದು. ಹಳೆಯ ಇಂಗ್ಲಿಷಿನಲ್ಲಿ ರಕಾರ ಅಥವಾ ಲಕಾರದ ಮುಂದಿದ್ದ ಗಕಾರದಂತಹ ಧ್ವನಿ ಮುಂದೆ ವಕಾರವಾಯಿತು. ಜರ್ಮನ್ ಅದನ್ನು ಗಕಾರವಾಗಿಯೇ ಉಳಿಸಿಕೊಂಡಿತು. ಜರ್ಮನಿನ ‘ಬೋರ್ಗೆನ್’ ಎದುರಿಗೆ ಇಂಗ್ಲಿಷಿನ ‘ಬಾರೋ’, ‘ಮೋರ್ಗೆನ್’ ಎದುರಿಗೆ ‘ಮಾರೋ’, ‘ಸೋರ್ಗೆ’ ಎದುರಿಗೆ ‘ಸಾರೋ’, ‘ಫೋಲ್ಗೆನ್’ ಎದುರಿಗೆ ‘ಫಾಲೋ’. ಕಾಗುಣಿತವನ್ನು ಕಂಠಪಾಠ ಮಾಡುವ ವಿದ್ಯಾರ್ಥಿಗೆ ಈ ನಾಲ್ಕು ಪದಗಳು ಒಂದೇ ಅಚ್ಚಿನವೆಂದು ತೋರಿಸಿಕೊಟ್ಟರೆ ಕೊನೆಯಲ್ಲಿ ಬರುವ ‘ಓ, ಡಬ್ಲ್ಯು’ ಅಕ್ಷರಗಳು ಅಷ್ಟೊಂದು ಅಕಾರಣವಾಗಿ ಕಾಣವು.

‘ಲೆಂಡ್’ ಪದದ ಕತೆ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಅದು ‘ಲೇನನ್’, ಡಕಾರವಿರಲಿಲ್ಲ. ಭೂತಕಾಲದ ‘ಲೆಂಡೆ’ ರೂಪದಲ್ಲಿದ್ದ ಡಕಾರವನ್ನು ಧಾತುವಿನ ಭಾಗವೆಂದೇ ತಿಳಿದು, ‘ಸೆಂಡ್’, ‘ಬೆಂಡ್’ ಮುಂತಾದವುಗಳ ಸಾದೃಶ್ಯದಿಂದ ಜನ ವರ್ತಮಾನಕ್ಕೂ ಅದನ್ನು ಸೇರಿಸಿಕೊಂಡರು. ಅದೇ ಕುಟುಂಬದ ‘ಲೋನ್’ ಎಂಬುದು ಸ್ಕ್ಯಾಂಡಿನೇವಿಯದ ವಲಸೆಗಾರರ ಮೂಲಕ ಇಂಗ್ಲಿಷಿಗೆ ಬಂದಿತು. (ಅಮೆರಿಕದ ಬಳಕೆಯಲ್ಲಿ ‘ಲೋನ್’ ಸಹ ಕ್ರಿಯಾಪದವಾಗಿ ಕೊಡುವ ಅರ್ಥದಲ್ಲಿ ಬರುತ್ತದೆ.) ಈ ಪದಗಳ ಹಿಂದೆ ವಿದ್ವಾಂಸರು ಕಲ್ಪಿಸಿರುವ ಇಂಡೋ-ಯುರೋಪಿಯನ್ ಮೂಲಧಾತುವಿನ ಅರ್ಥ ‘ಬಿಟ್ಟುಬಿಡು, ಉಳಿಸಿಹೋಗು’. ಸಂಸ್ಕೃತದ ‘ರಿಚ್’ ಧಾತು ಅದರದೇ ಸಂತಾನ. ಕನ್ನಡಕ್ಕೆ ತತ್ಸಮವಾಗಿ ಬಂದಿರುವ ‘ರಿಕ್ತ’ ಪದವೂ ಅಲ್ಲಿಂದ ಬಂದುದೇ. ಬಿಟ್ಟುಕೊಟ್ಟವನ ಕೈ ಬರಿದಾಗುವುದನ್ನು ‘ರಿಕ್ತಹಸ್ತ’ ಹೇಳಿದರೆ, ಬಿಟ್ಟುಕೊಡುವ ಕ್ರಿಯೆಯನ್ನು ‘ಲೆಂಡ್’ ಹೇಳುತ್ತದೆ. ‘ಇಲೆವನ್’, ‘ಟ್ವೆಲ್ವ್’ ಎಂಬ ಸಂಖ್ಯಾವಾಚಕಗಳೂ ಹತ್ತರ ಮೇಲೆ ಒಂದು ಉಳಿಯಿತು, ಎರಡು ಉಳಿಯಿತು ಎಂಬ ಅರ್ಥದಲ್ಲಿ ಇದೇ ಧಾತುವಿಗೆ ಸೇರುತ್ತವೆ. ‘ಋಣ’ ಶಬ್ದ ಮಾತ್ರ ಧ್ವನಿಯಲ್ಲಿ ಸಮೀಪವೆಂದು ತೋರಿದರೂ ಈ ಕುಟುಂಬದ್ದಲ್ಲ.

ಇಂಗ್ಲಿಷ್ ಚೀನೀ ನೆರೆಯಲ್ಲಿ ಬಹುಕಾಲ ಬಾಳಿದ ಸಿಂಗಪುರದಲ್ಲಿ ‘ಬಾರೋ ಮಿ’ ಎಂಬ ಪ್ರಯೋಗ ಆಡುನುಡಿಯ ಸಹಜ ಭಾಗವೇ ಆಗಿದೆ. ಜರ್ಮನ್ ಮತ್ತು ಸ್ಕ್ಯಾಂಡಿನೇವಿಯನ್ ವಲಸೆಗಾರರು ನೆಲೆಸಿದ ಅಮೆರಿಕದ ಉತ್ತರ-ಮಧ್ಯ ಭಾಗದಲ್ಲಿಯೂ ಅದು ಕೇಳಿಬರುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ತಪ್ಪೆನಿಸುವುದು ಊರಿನ ಬೀದಿಯಲ್ಲಿ ತಪ್ಪಾಗಬೇಕಾಗಿಲ್ಲ. ಹಾಗಿದ್ದರೂ ಪರೀಕ್ಷೆ ಬರೆಯುವವನಿಗೆ ಈ ವಾದ ಉಪಯೋಗಕ್ಕೆ ಬಾರದು.

ದಿಕ್ಕಿನ ಪ್ರಶ್ನೆ ಇತ್ಯರ್ಥವಾದ ಮೇಲೆ ಉಳಿಯುವುದು ವ್ಯಾಪ್ತಿಯ ಪ್ರಶ್ನೆ. ಇಂಗ್ಲಿಷಿನಲ್ಲಿ ‘ಬಾರೋ’ ಎನ್ನಬೇಕಾದರೆ ವಸ್ತುವನ್ನು ಸಾಮಾನ್ಯವಾಗಿ ತೆಗೆದುಕೊಂಡು ಹೋಗುವಂತಿರಬೇಕು. ಕೊಡೆ, ಪುಸ್ತಕ, ಸೈಕಲ್ಲು ಸರಿ. ಶೌಚಾಲಯವನ್ನು ಬಳಸಲು ಅನುಮತಿ ಕೇಳುವಾಗ ಚೀನೀಯರು ‘ಜಿಯೆಯುಂಗ್’ ಎನ್ನುತ್ತಾರೆ. ಅದನ್ನು ‘ಬಾರೋ’ ಎಂದು ಅನುವಾದಿಸಿದರೆ ಕೇಳಿದವನು ನಕ್ಕಾನು. ಅಲ್ಲಿ ‘ಯೂಸ್’ ಎಂಬುದೇ ಸಾಕು. ಜನರ ನಡುವೆ ದಾರಿ ಬಿಡಿಸಿಕೊಳ್ಳುವಾಗ ಹೇಳುವ ‘ಜಿಯೆಗುವಾಂಗ್’ ಎಂಬ ವಿನಯವಾಕ್ಯದ ಪದಶಃ ಅರ್ಥ ‘ಬೆಳಕನ್ನು ಎರವಲು ಪಡೆಯುತ್ತೇನೆ’ ಎಂದು. ‘ಜಿಯೆಕೊವ್’, ಅಂದರೆ ಎರವಲು ಬಾಯಿ, ಎಂಬುದು ನೆಪಕ್ಕೆ ಹೆಸರು. ಇವೊಂದೂ ಇಂಗ್ಲಿಷಿನ ‘ಬಾರೋ’ ಮೂಲಕ ದಾಟುವುದಿಲ್ಲ. ಲುವೊ ಗುವಾನ್‌ಜುಂಗ್‌ನದೆಂದು ಹೇಳಲಾಗುವ ‘ಮೂರು ರಾಜ್ಯಗಳ ಕಥೆ’ಯಲ್ಲಿ ಜುಗೆ ಲಿಯಾಂಗ್ ಮೂರು ದಿನಗಳಲ್ಲಿ ಒಂದು ಲಕ್ಷ ಬಾಣಗಳನ್ನು ಒದಗಿಸುವುದಾಗಿ ಮಾತು ಕೊಡುತ್ತಾನೆ. ದಟ್ಟ ಮಂಜಿನಲ್ಲಿ ಹುಲ್ಲಿನ ಕಟ್ಟುಗಳನ್ನು ಹೇರಿದ ದೋಣಿಗಳನ್ನು ಶತ್ರುಶಿಬಿರದ ಕಡೆಗೆ ನಡೆಸಿ, ತ್ಸಾವ್ ತ್ಸಾವ್‌ನ ಬಿಲ್ಲುಗಾರರು ಎಸೆದ ಬಾಣಗಳನ್ನೇ ಹುಲ್ಲಿನಲ್ಲಿ ನಾಟಿಸಿಕೊಂಡು ಮರಳುತ್ತಾನೆ. ಈ ಪ್ರಸಂಗ ನುಡಿಗಟ್ಟಾಗಿ ನಿಂತಿರುವುದು ‘ಹುಲ್ಲುದೋಣಿಯಿಂದ ಬಾಣಗಳನ್ನು ಜಿಯೆ ಮಾಡಿದ್ದು’ ಎಂದೇ. ಒಡೆಯನ ಒಪ್ಪಿಗೆಯೂ ಇಲ್ಲ, ಮರಳಿಸುವ ಸದುದ್ದೇಶವೂ ಇಲ್ಲ. ಪದದೊಳಗಿನ ವ್ಯಂಗ್ಯವೇ ಅದರ ಸೊಗಸು. ಈ ವ್ಯಂಗ್ಯ ಮಾತ್ರ ಇಂಗ್ಲಿಷಿನಲ್ಲಿಯೂ ಸಾಧ್ಯ. ಕೇಳದೆ ಕೊಂಡೊಯ್ದದ್ದನ್ನು ‘ಬಾರೋ’ ಎಂದು ನಯವಾಗಿ ಹೇಳಿ ಕದ್ದದ್ದೆಂದು ಸೂಚಿಸುವುದು ಅಲ್ಲಿಯೂ ರೂಢಿ.

ಚೀನೀ ತರಗತಿಗಳಿಗೆ ವಿಶಿಷ್ಟವಾದ ನಿಯಮವೊಂದನ್ನು ಇಲ್ಲಿ ಪರಿಶೀಲಿಸಬೇಕು. ಅಲ್ಲಿ ‘ಬಾರೋ’, ‘ಲೆಂಡ್’ ಪದಗಳ ಜೊತೆಗೆ ‘ಕೀಪ್’ ಎಂಬುದನ್ನೂ ಸೇರಿಸಿ ಮೂರನ್ನೂ ಒಟ್ಟಿಗೆ ಕಲಿಸುತ್ತಾರೆ. ‘ಬಾರೋ’ ಕ್ಷಣಿಕ ಕ್ರಿಯೆ. ಆದುದರಿಂದ ಕಾಲಾವಧಿಯನ್ನು ಹೇಳುವ ಪದಗಳೊಡನೆ ಅದು ಸೇರದು. ‘ಎಷ್ಟು ದಿನ’ ಎಂದು ಕೇಳುವಾಗ ‘ಕೀಪ್’ ಎಂದೇ ಹೇಳಬೇಕು ಎಂಬುದು ನಿಯಮ. ಬಹು ಆಯ್ಕೆಯ ಪ್ರಶ್ನೆಗಳಿಗೆ ಇದು ಪ್ರಿಯವಾದ ವಿಷಯ. ಈ ನಿಯಮ ಅರ್ಧ ಸತ್ಯ. ಎರಡು ವಾರದಿಂದ ಪುಸ್ತಕ ತನ್ನ ಬಳಿ ಇದೆ ಎನ್ನುವಾಗ ‘ಐ ಹ್ಯಾವ್ ಬಾರೋಡ್ ಇಟ್ ಫಾರ್ ಟು ವೀಕ್ಸ್’ ಎಂಬುದು ಇಂಗ್ಲಿಷ್ ಮಾತೃಭಾಷಿಕನಿಗೆ ಸಹಜವೆನಿಸದು ಎಂಬುದು ನಿಜ. ಆದರೆ ಅವನು ಅಲ್ಲಿ ಹೇಳುವುದು ಹೆಚ್ಚಾಗಿ ‘ಹ್ಯಾಡ್’ ಎಂದು, ‘ಕೆಪ್ಟ್’ ಎಂದಲ್ಲ. ಇನ್ನು ‘ನೀನು ಇದನ್ನು ಒಂದು ವಾರ ಬಾರೋ ಮಾಡಬಹುದು’ ಎಂಬ ಅರ್ಥದ ‘ಯು ಕ್ಯಾನ್ ಬಾರೋ ಇಟ್ ಫಾರ್ ಎ ವೀಕ್’ ನಿರ್ದುಷ್ಟವಾದ ಇಂಗ್ಲಿಷ್. ಇಲ್ಲಿ ‘ಒಂದು ವಾರ’ ಎಂಬುದು ಪಡೆಯುವ ಕ್ರಿಯೆ ನಡೆದ ಅವಧಿಯಲ್ಲ, ಪಡೆದದ್ದರ ಅವಧಿ. ಪರೀಕ್ಷೆಯ ಅನುಕೂಲಕ್ಕಾಗಿ ಗೆರೆಯನ್ನು ನೇರ ಮಾಡಲು ಹೋಗಿ ಈ ಸೂಕ್ಷ್ಮವನ್ನು ಅಳಿಸಲಾಗಿದೆ. ಬಲ್ಲ ವಿದ್ಯಾರ್ಥಿ ಸರಿಯಾದ ವಾಕ್ಯ ಬರೆದು ಅಂಕ ಕಳೆದುಕೊಳ್ಳುವ ಸಂಭವ ಇಲ್ಲಿದೆ.

ಬೋಧನೆಯ ಮಟ್ಟಿಗೆ ಹೇಳುವುದಾದರೆ, ‘ಬಾರೋ’ ಪದದ ಎದುರಿಗೆ ‘ಜಿಯೆ’ ಎಂದಷ್ಟೇ ಬರೆದುಕೊಳ್ಳುವ ಟಿಪ್ಪಣಿಪುಸ್ತಕವೇ ತಪ್ಪಿನ ತವರು. ‘ಲೆಂಡ್’ ಎದುರಿಗೆ ‘ಜಿಯೆ ಗೆಯ್’ ಎಂದೂ ‘ಬಾರೋ ಫ್ರಮ್’ ಎದುರಿಗೆ ‘ಗೆನ್ … ಜಿಯೆ’ ಎಂದೂ ಬರೆಯಿಸಿದರೆ, ವಿದ್ಯಾರ್ಥಿಯ ಮಾತೃಭಾಷೆಯಲ್ಲಿ ಆಗಲೇ ಇರುವ ದಿಕ್ಕಿನ ಅರಿವು ಕೆಲಸಕ್ಕೆ ಬರುತ್ತದೆ. ಚೀನೀ ಭಾಷೆಗೆ ಈ ಭೇದ ತಿಳಿಯದೆಂದು ಅವನಿಗೆ ಹೇಳುವ ಅಗತ್ಯವಿಲ್ಲ. ಅದು ಭೇದವನ್ನು ಬೇರೆ ಜಾಗದಲ್ಲಿ ಇಟ್ಟಿದೆ ಎಂದು ತೋರಿಸಬೇಕು. ‘ಬ್ರಿಂಗ್’ ಪದದ ದಿಕ್ಕಿನಲ್ಲಿ ‘ಬಾರ್‍ರೋ’ ಇದೆ, ‘ಗಿವ್’ ಪದದ ದಿಕ್ಕಿನಲ್ಲಿ ‘ಲೆಂಡ್’ ಇದೆ ಎಂಬ ಸರಳ ಜೋಡಣೆ ವ್ಯಾಕರಣದ ಪರಿಭಾಷೆಗಿಂತ ಬೇಗ ಮನಸ್ಸಿಗೆ ಹತ್ತುತ್ತದೆ.

ಮರಳಿಸುವ ಹೊಣೆಯೇ ಇಲ್ಲದ ಎರವಲುಗಳೂ ಉಂಟು. ಆಶ್ಚರ್ಯವೆಂದರೆ ಅಲ್ಲಿ ಎರಡು ಭಾಷೆಗಳೂ ಒಮ್ಮತಕ್ಕೆ ಬರುತ್ತವೆ. ಕಳೆಯುವ ಲೆಕ್ಕದಲ್ಲಿ ಪಕ್ಕದ ಸ್ಥಾನದಿಂದ ಹತ್ತನ್ನು ತರುವುದನ್ನು ಇಂಗ್ಲಿಷ್ ‘ಬಾರೋ’ ಎನ್ನುತ್ತದೆ, ಚೀನೀ ‘ಜಿಯೆವೆಯ್’ ಎನ್ನುತ್ತದೆ. ಅನ್ಯಭಾಷೆಯಿಂದ ಬಂದ ಪದ ಇಂಗ್ಲಿಷಿನಲ್ಲಿ ‘ಲೋನ್‌ವರ್ಡ್’, ಚೀನೀಯಲ್ಲಿ ‘ಜಿಯೆತ್ಸಿ’, ಕನ್ನಡದಲ್ಲಿ ಎರವಲು ಪದ. ಇಂಗ್ಲಿಷಿನ ಆ ಪದವಾದರೋ ಜರ್ಮನಿನ ‘ಲೇನ್‌ವೋರ್ಟ್’ ಎಂಬುದರ ಅನುವಾದ. ಚೀನೀ ಲಿಪಿಶಾಸ್ತ್ರದಲ್ಲಿ ಸುಮಾರು ಕ್ರಿ.ಶ. 100ರಲ್ಲಿ ಶ್ಯೂ ಶೆನ್ ರಚಿಸಿದ ‘ಶುವೊವೆನ್’ ಕೋಶ ಹೇಳುವ ಆರು ವರ್ಗಗಳಲ್ಲಿ ಒಂದಕ್ಕೆ ‘ಜಿಯಾಜಿಯೆ’ ಎಂದು ಹೆಸರು. ಒಂದು ಪದಕ್ಕೆ ಚಿಹ್ನೆಯಿಲ್ಲದಾಗ ಅದೇ ಧ್ವನಿಯ ಬೇರೆ ಪದದ ಚಿಹ್ನೆಯನ್ನು ಎರವಲು ತರುವುದು ಅದರ ರೀತಿ. ‘ಬಾ’ ಎಂಬ ಅರ್ಥದ ‘ಲಾಯ್’ ಪದದ ಚಿಹ್ನೆ ಮೂಲದಲ್ಲಿ ಗೋಧಿಯ ಗಿಡದ ಚಿತ್ರ. ಅದು ಗೋಧಿಗೆ ಮರಳಲಿಲ್ಲ; ಗೋಧಿಯೇ ಬೇರೊಂದು ಚಿಹ್ನೆಯನ್ನು ನೋಡಿಕೊಳ್ಳಬೇಕಾಯಿತು.